ಹುಳುಮನೆಯ ಸೂರ್ಯರು

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹೆಚ್ಚಿನ ಮರ್ಯಾದೆ ರೇಷ್ಮೆ ಹುಳುಗಳಿಗಿತ್ತು. ಮುಳಬಾಗಿಲು ಸೀಮೆಯಲ್ಲಿ ಬೈರಕೂರಿನ ಪಕ್ಕದ ಹಳ್ಳಿ ನಮ್ಮದು. ಮುಂದೆ ಜಗಲಿ, ಒಳಗೆ ನಡುಮನೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ, ಹಿಂದೆ ಕೊಟ್ಟಿಗೆ. ಇದ್ದುದರಲ್ಲಿ ಎತ್ತರವಾದ, ತಂಪಾದ ಕೋಣೆಯನ್ನು ಹುಳುಗಳಿಗೆ ಬಿಟ್ಟುಕೊಟ್ಟು ಮನೆಮಂದಿಯೆಲ್ಲ ನಡುಮನೆಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ಆ ಕೋಣೆಗೆ ಹುಳುಮನೆ ಎಂದೇ ಹೆಸರು. ಒಳಗೆ ಹೋಗಬೇಕಾದರೆ ಕೈಕಾಲು ತೊಳೆಯಬೇಕು, ಗಟ್ಟಿಯಾಗಿ ಮಾತನಾಡಬಾರದು. ಹುಳು ಇರುವಷ್ಟು ದಿನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿಯುವಂತಿರಲಿಲ್ಲ, ಆ ಘಾಟು ಹುಳುಗಳಿಗೆ ಆಗದು. ಹೊರಗಿನವರು ಬಂದು ಬಾಗಿಲಲ್ಲಿ ಇಣುಕಿದರೆ ಅವ್ವ ಅವರನ್ನು ಮಾತಿನಲ್ಲೇ ಜಗಲಿಗೆ ತಿರುಗಿಸಿಬಿಡುತ್ತಿದ್ದಳು. ಅವ್ವ ಅಂದರೆ ನನ್ನ ಅಪ್ಪನ ತಾಯಿ. ನಮ್ಮ ಕಡೆ ಅಜ್ಜಿಯನ್ನು ಹಾಗೇ ಕರೆಯುವುದು. ಕನ್ನಡದಲ್ಲಿ ಬೈದು ತೆಲುಗಿನಲ್ಲಿ ಮುದ್ದು ಮಾಡುವ ಹೆಂಗಸು. ಅಪ್ಪ, ಚಿಕ್ಕಪ್ಪ ಇಬ್ಬರೂ ಮೀಸೆ ಬಂದವರಾದರೂ ಅವಳ ಮಾತಿಗೆ ಎದುರಾಡಿದ್ದನ್ನು ನಾನು ಕಂಡಿಲ್ಲ.

ಅದು ಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಟ್ಟೆ ಸಿಗುತ್ತಿರಲಿಲ್ಲ; ರೇಷ್ಮೆ ಮಾತ್ರ ಎಷ್ಟಿದ್ದರೂ ಬೇಕು ಎನ್ನುತ್ತಿದ್ದರು. ವಿಮಾನದಿಂದ ಧುಮುಕುವ ಸಿಪಾಯಿಗಳು ನಮ್ಮ ಹುಳುಗಳ ನೂಲಿಗೆ ಜೋತುಬಿದ್ದು ಇಳಿಯುತ್ತಾರೆ ಎಂದು ಚಿಕ್ಕಪ್ಪ ಹೇಳಿದ್ದ. ನಾನು ನಂಬಿರಲಿಲ್ಲ. ಹುಳುಮನೆಯ ಬಾಗಿಲು ಮುಚ್ಚಿ ಕುಳಿತರೆ ಬಿದಿರಿನ ತಟ್ಟೆಗಳಿಂದ ಸಣ್ಣ ಮಳೆ ಹಿಡಿದಂಥ ಸದ್ದು ಬರುತ್ತಿತ್ತು. ಅದು ಸಾವಿರಾರು ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು. ಹೊರಗೆ ರಣಬಿಸಿಲಿದ್ದರೂ ಒಳಗೆ ಆ ಮಳೆ ಬಿಡುತ್ತಿರಲಿಲ್ಲ.

ನನ್ನ ಚಿಕ್ಕಪ್ಪನ ಹೆಂಡತಿ ಜಯಮ್ಮ ಕೋಲಾರದವಳು. ಅವಳ ತಂದೆ ಅಲ್ಲಿ ಮೇಷ್ಟರಾಗಿದ್ದರಂತೆ. ನಾನು ಹೇಳುತ್ತಿರುವ ಹೊತ್ತಿಗೆ ಅವರು ತೀರಿಕೊಂಡಿದ್ದರು, ತವರೆಂದು ಹೇಳಿಕೊಳ್ಳಲು ಅವಳಿಗೆ ಯಾರೂ ಉಳಿದಿರಲಿಲ್ಲ. ಚಿಕ್ಕಮ್ಮ ಮದುವೆಯಾಗಿ ಬಂದು ಒಂದು ಮಗುವನ್ನು ಹೆತ್ತಿದ್ದಳು. ಗಂಡುಮಗು, ಮೇಲ್ತುಟಿ ಸೀಳಿಕೊಂಡು ಹುಟ್ಟಿತ್ತು. ಅಂಥದ್ದಕ್ಕೆ ನಮ್ಮ ಕಡೆ ಗ್ರಹಣ ಮೊರ್ರಿ ಎನ್ನುತ್ತಾರೆ. ಬಸುರಿಯ ಮೇಲೆ ಗ್ರಹಣ ಬಿದ್ದರೆ ಮಗುವಿನ ತುಟಿ ಕತ್ತರಿಸಿ ಹೋಗುತ್ತದೆ ಎಂಬ ನಂಬಿಕೆ. ಆ ಕೂಸಿಗೆ ಹಾಲು ಚೀಪಲು ಬರಲಿಲ್ಲ. ಬಟ್ಟೆಯ ಬತ್ತಿಯನ್ನು ಹಾಲಲ್ಲಿ ಅದ್ದಿ ಬಾಯಿಗೆ ಹಿಂಡಿದರು, ಒಳಗಿಳಿಯಲಿಲ್ಲ. ಹೆಸರಿಡುವ ಮೊದಲೇ ಹೋಯಿತು. ಅದಾದ ಮೇಲೆ ಪಂಚಾಂಗ ತೆಗೆಸಿ ನೋಡಿ, ಅವಳು ಬಸುರಿಯಾಗಿದ್ದಾಗ ಒಂದು ಚಂದ್ರಗ್ರಹಣ ಆಗಿತ್ತೆಂದು ಅವ್ವ ಪತ್ತೆಮಾಡಿದಳು. ಪಟ್ಟಣದ ಹುಡುಗಿ, ಗ್ರಹಣದ ಹೊತ್ತಲ್ಲಿ ಏನು ಹೆಚ್ಚಿದಳೋ ಏನು ಹೊಲಿದಳೋ ಎಂದು ಒಂದು ಸಲ ಅಂದಳು. ಆ ಮಾತು ಮನೆಯಲ್ಲಿ ನಿಂತುಬಿಟ್ಟಿತು. ಎರಡನೆಯ ಸಲ ಯಾರೂ ಆಡಲಿಲ್ಲ, ಆದರೆ ಚಿಕ್ಕಮ್ಮ ಈಳಿಗೆ ಮಣೆಯ ಮುಂದೆ ಕುಳಿತಾಗಲೆಲ್ಲ ಅದು ಅಲ್ಲೇ ಇರುತ್ತಿತ್ತು.

ಸೊಪ್ಪು ಹಾಕುವುದು, ತಟ್ಟೆ ಶುಚಿಮಾಡುವುದು ಚಿಕ್ಕಮ್ಮನ ಕೆಲಸ. ಜೊತೆಗೆ ನಾನು. ಆ ಕೋಣೆಯ ಮಾಡಿಗೆ ನಾಡಹೆಂಚು. ಕೋತಿಗಳು ಓಡಾಡಿ ಹೆಂಚು ಜರುಗಿಸಿ ಅಲ್ಲಲ್ಲಿ ಸಂದು ಬಿಟ್ಟಿದ್ದವು. ಬಿಸಿಲೇರಿದ ಮೇಲೆ ಆ ಸಂದುಗಳಿಂದ ಬೆಳಕಿನ ಕೋಲುಗಳು ಇಳಿದು ಸಗಣಿ ಸಾರಿಸಿದ ನೆಲದ ಮೇಲೆ ಗುಂಡಗೆ ಕೂರುತ್ತಿದ್ದವು. ಎತ್ತರದ ಸಂದಿನಿಂದ ಬಿದ್ದದ್ದು ಬೆಳ್ಳಿ ರೂಪಾಯಿಯಗಲ, ಸೂರಿನ ಕಡೆಯದು ಕಾಸಿನಷ್ಟು. ನಾನು ಅವುಗಳ ಮೇಲೆ ಕಾಲಿಟ್ಟು ಕುಂಟಾಬಿಲ್ಲೆ ಆಡುತ್ತಿದ್ದೆ. ಒಂದು ದಿನ ಚಿಕ್ಕಮ್ಮ ಸೊಪ್ಪಿನ ಪುಟ್ಟಿ ಕೆಳಗಿಟ್ಟು, ಮೇಲೆ ನೋಡು ಅಂದಳು. ಸಂದುಗಳು ಒಂದೂ ಗುಂಡಗಿರಲಿಲ್ಲ. ಒಂದು ಸೀಳು, ಒಂದು ಮೂರು ಮೂಲೆ, ಒಂದು ಹರಿದ ಎಲೆಯ ಅಂಚಿನ ಹಾಗೆ. ಮತ್ತೆ ಕೆಳಗೆ ನೋಡಿದೆ. ಎಲ್ಲವೂ ಗುಂಡು. ಸೊಟ್ಟ ಸಂದಿನಿಂದ ಗುಂಡು ಬೆಳಕು ಹೇಗೆ ಬರುತ್ತದೆ ಎಂದು ಕೇಳಿದಳು. ಹೊರಗೆ ಕರೆದುಕೊಂಡು ಹೋಗಿ ಅಂಗಳದ ಹೊಂಗೆಮರದ ನೆರಳು ತೋರಿಸಿದಳು. ಅಲ್ಲಿ ಎಲೆಗಳ ಸಂದಿನಿಂದ ಬಿದ್ದ ಚುಕ್ಕೆಗಳೂ ಗುಂಡಗೇ ಇದ್ದವು. ಹುಟ್ಟಿದಾರಭ್ಯ ಆ ಮರದ ಕೆಳಗೆ ಆಡಿದವಳು ನಾನು, ಒಂದು ದಿನವೂ ಅದನ್ನು ಕಂಡಿರಲಿಲ್ಲ.

“ಅದು ಸಂದಿನ ಆಕಾರ ಅಲ್ಲ ಕಣೇ ನಾಗಿ. ಅದು ಸೂರ್ಯನ ಪಟ. ಸಣ್ಣ ತೂತು ಸಿಕ್ಕಿದ ಕಡೆಯೆಲ್ಲ ಸೂರ್ಯ ತನ್ನ ಪಟ ಇಳಿಸ್ತಾನೆ. ಬೆಳಕು ನೆಟ್ಟಗೆ ಬರುತ್ತೆ ನೋಡು, ಅದಕ್ಕೇ. ನಮ್ಮಪ್ಪ ತೋರಿಸಿದ್ರು.”

ನಾನು ಅಲ್ಲಿಯವರೆಗೆ ಸೂರ್ಯನನ್ನು ನೋಡಿಯೇ ಇರಲಿಲ್ಲ ಎಂದು ಆಗ ಹೊಳೆಯಿತು. ಕಣ್ಣೆತ್ತಿದರೆ ಕಣ್ಣು ಕುಕ್ಕುವ ಉರಿಯೊಂದೇ ಗೊತ್ತಿತ್ತು. ಈಗ ಅವನು ನಮ್ಮ ನೆಲದ ಮೇಲೆ, ಸೊಪ್ಪಿನ ಕಡ್ಡಿಗಳ ನಡುವೆ, ಅಂಚು ಮಸುಕಾದ ಒಂದು ಬಿಲ್ಲೆಯಾಗಿ ಕುಳಿತಿದ್ದ. ಮೋಡದ ಎಳೆಯೊಂದು ಅಡ್ಡ ಹಾದಾಗ ಆ ಬಿಲ್ಲೆಯ ಮೇಲೂ ಅದರ ನೆರಳು ಹಾದುಹೋಯಿತು. ನಾನು ಮೆಲ್ಲಗೆ ಅದರ ಅಂಚಿಗೆ ಬೆರಳಿಟ್ಟೆ. ಬೆರಳು ಕದಲಿಸಬೇಡ ಎಂದಳು ಚಿಕ್ಕಮ್ಮ. ನೋಡನೋಡುತ್ತಿದ್ದ ಹಾಗೆ ಬೆಳಕು ಬೆರಳನ್ನೇರಿತು, ದಾಟಿತು, ಬಾಗಿಲ ಕಡೆ ಸರಿಯಿತು. ಸೂರ್ಯ ಓಡುತ್ತಿದ್ದಾನೆ ಅಂದೆ.

“ಅವನು ಎಲ್ಲೂ ಹೋಗ್ತಿಲ್ಲ. ಓಡ್ತಿರೋದು ನಾವು. ಈ ನೆಲ, ಈ ತಟ್ಟೆ, ಹುಳ, ನೀನು, ನಾನು, ಹೊರಗೆ ಬೈಕೊಂಡು ಕೂತಿರೋ ನಿಮ್ಮವ್ವ, ಎಲ್ಲಾ ಸೇರಿ ಮೂಡಲ ಕಡೆ ಉರುಳ್ತಾ ಇದೀವಿ.”

ನಾನು ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತಿ ಹಿಡಿದುಕೊಂಡೆ. ತಲೆ ತಿರುಗಿದಂತಾಯಿತು. ಬಿದ್ದುಬಿಡುತ್ತೇನೆಂಬ ಹೆದರಿಕೆಯಲ್ಲ ಅದು. ಇಷ್ಟು ದೊಡ್ಡದೊಂದು ಸಂಗತಿ ನಮ್ಮ ಮನೆಯೊಳಗೇ ನಡೆಯುತ್ತಿದ್ದರೂ ಸದ್ದಿಲ್ಲವಲ್ಲ ಎಂಬ ಬೆರಗು. ಮುದ್ದೆಗೆ ಎಸರಿಟ್ಟು ಅದು ಮರಳುವಷ್ಟು ಹೊತ್ತು ಸೂರ್ಯನ ಬೆಳಕು ದಾರಿಯಲ್ಲೇ ಇರುತ್ತದಂತೆ. ಈಗ ನಿನ್ನ ಬೆರಳು ಮುಟ್ಟಿದ ಬೆಳಕು ಅಲ್ಲಿಂದ ಹೊರಟಾಗ ನೀನು ಇನ್ನೂ ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದೆ ಎಂದಳು ಚಿಕ್ಕಮ್ಮ. ಮುಂದೆ ನಾನು ಟೀಚರಾಗಿ ಎಷ್ಟೋ ವರ್ಷ ಹೈಸ್ಕೂಲಿನ ಮಕ್ಕಳಿಗೆ ಇದನ್ನೇ ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ಹೇಳಿಕೊಟ್ಟಿದ್ದೇನೆ. ಆ ದಿನ ಅಂಗೈಗೆ ಅಂಟಿದ ಬೆರಗನ್ನು ಹಲಗೆಯ ಮೇಲೆ ಬರೆಯಲು ಮಾತ್ರ ಬರಲಿಲ್ಲ.

ಚಿಕ್ಕಮ್ಮ ಮತ್ತೆ ಬಸುರಾದಳು. ಅವಳ ಹೊಟ್ಟೆ ಕಾಣತೊಡಗಿದ ಕಾಲಕ್ಕೇ ಪುರೋಹಿತರು ಬಂದು ಆಷಾಢದ ಅಮಾವಾಸ್ಯೆಗೆ ಸೂರ್ಯಗ್ರಹಣವೆಂದೂ, ಹಗಲು ಬಿಸಿಲೇರಿದ ಹೊತ್ತಿಗೇ ಹಿಡಿಯುತ್ತದೆಂದೂ ಹೇಳಿ ಹೋದರು. ಅವ್ವನ ಮುಖ ಅವತ್ತೇ ಬಿಗಿದುಕೊಂಡಿತು. ಅವಳು ಅಡುಗೆಮನೆಯ ಚಾಕು, ಸೂಜಿ, ಕತ್ತರಿ ಎಲ್ಲವನ್ನೂ ಒಂದು ಗಡಿಗೆಗೆ ಹಾಕಿ ಅಟ್ಟಕ್ಕೇರಿಸಿದಳು. ಮನೆಯಲ್ಲಿ ಎಲ್ಲಕ್ಕಿಂತ ಕತ್ತಲಾಗಿಸಬಹುದಾದ ಕೋಣೆ ಹುಳುಮನೆ, ಎರಡೇ ಕಿಟಕಿ. ಗ್ರಹಣ ಬಿಡುವವರೆಗೆ ಜಯಮ್ಮ ಅಲ್ಲೇ ಮಲಗಿರಬೇಕು ಎಂದು ತೀರ್ಮಾನವಾಯಿತು.

ಗ್ರಹಣದ ಹಿಂದಿನ ದಿನ ಸಂಜೆ ಚಿಕ್ಕಮ್ಮ ಎಂದೂ ಇಲ್ಲದಂತೆ ಅತ್ತೆಯ ಮುಂದೆ ನಿಂತು ಮಾತನಾಡಿದಳು. ಮೇಲೆ ನೋಡುವುದಿಲ್ಲ, ಹೊಂಗೆಮರದ ಕೆಳಗೆ ಒಂದು ಗಳಿಗೆ ನಿಂತು ನೆಲ ನೋಡಿ ಒಳಗೆ ಬಂದುಬಿಡುತ್ತೇನೆ ಎಂದು ಕೇಳಿದಳು. ಇಂಥದ್ದು ಮತ್ತೆ ಯಾವಾಗ ಬರುತ್ತದೋ, ತನ್ನ ಅಪ್ಪ ಇದನ್ನು ತೋರಿಸಬೇಕೆಂದಿದ್ದರು ಅಂದಳು. ಚಿಕ್ಕಪ್ಪ ಕಂಬಕ್ಕೊರಗಿ ಕಾಲಬೆರಳು ನೋಡಿಕೊಂಡು ಕುಳಿತಿದ್ದ. ನನ್ನ ಅಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. ಅವ್ವ ಕಂಬಳಿ ಮಡಿಸುತ್ತಿದ್ದವಳು ನಿಲ್ಲಿಸಿದಳು.

“ಒಂದು ಮಗೂನ ಆಗಲೇ ಗ್ರಹಣಕ್ಕೆ ಕೊಟ್ಟಿದೀವಿ. ಇನ್ನೊಂದನ್ನೂ ಕೊಡಬೇಕಾ?”

ಚಿಕ್ಕಮ್ಮ ತಾನೇ ಹೋಗಿ ಹುಳುಮನೆಯಲ್ಲಿ ಚಾಪೆ ಹಾಸಿ ಬಂದಳು.

ಮರುದಿನ ಆಷಾಢದ ಗಾಳಿಗೆ ಮೋಡಗಳು ಹಿಂಡುಹಿಂಡಾಗಿ ಓಡುತ್ತಿದ್ದವು. ಬಿಸಿಲು ಬಂದು ಬಂದು ಹೋಗುತ್ತಿತ್ತು. ಗ್ರಹಣ ಹಿಡಿಯುವ ಮೊದಲೇ ಸೊಪ್ಪನ್ನೆಲ್ಲ ತಂದು, ದರ್ಭೆ ಸೋಕಿಸಿ, ತಟ್ಟೆಗಳಿಗೆ ದಪ್ಪಗೆ ಹಾಕಿದ್ದಾಯಿತು. ಅವತ್ತು ಮನೆಯಲ್ಲಿ ಎಲ್ಲರಿಗೂ ಉಪವಾಸ, ಹುಳುಗಳಿಗೆ ಮಾತ್ರ ಊಟ. ಅವ್ವ ಕಿಟಕಿಗಳಿಗೆ ಕಂಬಳಿ ಕಟ್ಟಿದಳು. ಚಿಕ್ಕಮ್ಮನನ್ನು ಗೋಡೆಯ ಕಡೆ ಮುಖ ಮಾಡಿ ಮಲಗಿಸಿ, ಒಬ್ಬಳೇ ಇರಬಾರದೆಂದು ನನ್ನನ್ನು ಕಾಲ ಬಳಿ ಕೂರಿಸಿ, ಬಾಗಿಲೆಳೆದುಕೊಂಡು ಹೊರಗಿನಿಂದ ಅದರ ಸಂದಿಗೆ ರಾಗಿಚೀಲ ತುರುಕಿದಳು.

ಅವ್ವ ಹೆಂಚಿನ ಕಡೆ ನೋಡಿರಲಿಲ್ಲ. ಕಿಟಕಿ ಮುಚ್ಚಿದ್ದರಿಂದ ಕೋಣೆ ಎಂದಿಗಿಂತ ಹೆಚ್ಚು ಕಪ್ಪಾಯಿತು. ಮೋಡ ಸರಿದೊಡನೆ ನೆಲದ ಮೇಲೆ, ತಟ್ಟೆಗಳ ಮೇಲೆ, ಗೋಡೆಯ ಮೇಲೆ ಸೂರ್ಯರು ಎದ್ದರು. ಬೇರೆ ದಿನ ಕಾಣಿಸದ ಸಣ್ಣ ಸಣ್ಣ ಸಂದುಗಳವೂ ಅವತ್ತು ಕಂಡವು. ಎಲ್ಲವೂ ಗುಂಡಗೇ ಇದ್ದವು. ಮೋಡ ಬಂತು, ಎಲ್ಲ ಆರಿದವು. ಮತ್ತೆ ಬಿಸಿಲು ಬಂದಾಗ ನನ್ನ ಮುಂದಿದ್ದ ಬಿಲ್ಲೆಯ ಒಂದು ಅಂಚು ಇರಲಿಲ್ಲ. ಪಕ್ಕದ್ದನ್ನು ನೋಡಿದೆ, ಅದಕ್ಕೂ ಇಲ್ಲ. ಕೋಣೆಯ ತುಂಬ ಇದ್ದ ಅಷ್ಟೂ ಸೂರ್ಯರನ್ನು ಯಾರೋ ಒಂದೇ ಕಡೆ, ಒಂದೇ ಅಳತೆಗೆ ಕಚ್ಚಿದ್ದರು. ಚಿಕ್ಕಮ್ಮನಿಗೆ ಹೇಳಿದೆ. ಅವಳು ತಿರುಗಲಿಲ್ಲ. ಹೇಳಬೇಡ, ಸುಮ್ಮನಿರು ಅಂದಳು. ಸ್ವಲ್ಪ ಹೊತ್ತಾದ ಮೇಲೆ ಗೋಡೆಯ ಕಡೆಯೇ ಮುಖವಿಟ್ಟು, ಯಾವ ಕಡೆ ಕಚ್ಚಿದೆ ಎಂದು ಕೇಳಿದಳು. ಬಾಗಿಲ ಕಡೆ ಅಂದೆ. ನಮ್ಮ ಬಾಗಿಲು ಮೂಡಲಿಗಿತ್ತು. ಹಾಗಾದರೆ ಮೇಲೆ ಪಡುವಲ ಕಡೆಯಿಂದ ಹಿಡಿದಿದ್ದಾನೆ ಚಂದ್ರ, ಸಣ್ಣ ತೂತು ಎಲ್ಲವನ್ನೂ ತಿರುಗಿಸಿ ತೋರಿಸುತ್ತದೆ ಎಂದಳು. ಅವಳ ದನಿಯಲ್ಲಿ ನೀರಿತ್ತು. ಇವತ್ತು ಅಮಾವಾಸ್ಯೆ, ಕಾಣದೆ ಓಡಾಡುವ ಚಂದ್ರ ಸೂರ್ಯನಿಗೂ ನಮಗೂ ನಡುವೆ ಬಂದಿದ್ದಾನೆ, ಅಷ್ಟೇ. ಸೂರ್ಯನನ್ನು ನುಂಗುವ ಹಾವೂ ಇಲ್ಲ, ಯಾವುದೂ ಇಲ್ಲ ಎಂದಳು. ನನಗೆ ಹೇಳುತ್ತಿದ್ದಳೋ ತನಗೇ ಹೇಳಿಕೊಳ್ಳುತ್ತಿದ್ದಳೋ ತಿಳಿಯದು.

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು.

“ಆವಾಗ ಚಂದ್ರಗ್ರಹಣ ಆದದ್ದು ನಂಗೆ ಗೊತ್ತೇ ಇರ್ಲಿಲ್ಲ ನಾಗಿ. ಅಪ್ಪನ ಮನೇಲಿ ಬಾಗಿಲು ಹಾಕ್ಕೊಂಡು ನಿದ್ದೆ ಮಾಡ್ತಿದ್ದೆ. ಒಂದು ಎಳೆ ಬೆಳಕೂ ನನ್ನ ಮುಟ್ಟಲಿಲ್ಲ. ಆದ್ರೂ ಮಗೂಗೆ ಹಾಗಾಯ್ತು. ಯಾಕೆ ಅಂತ ಎಷ್ಟು ಯೋಚನೆ ಮಾಡಿದ್ರೂ ಗೊತ್ತಾಗಲಿಲ್ಲ.”

ಬೆಳಕು ಬಾಗಿಲ ಕಡೆಗೆ ಸರಿಯುತ್ತಲೇ ಇತ್ತು. ದೊಡ್ಡದೊಂದು ಬಿಲ್ಲೆ ಚಾಪೆಯ ಅಂಚಿಗೆ ಬಂತು. ಈಗ ಅದು ಬಿಲ್ಲೆಯಲ್ಲ, ಕುಡುಗೋಲು. ಚಾಪೆ ಎಳೆದುಕೊಳ್ಳಿ ಚಿಕ್ಕಮ್ಮ, ಬರುತ್ತಿದೆ ಎಂದೆ. ಅವಳು ಕತ್ತು ತಿರುಗಿಸಿದಳು. ನೋಡಿದಳು. ಎದ್ದು ಗೋಡೆಗೆ ಸರಿಯಲು ಅವಳಿಗೆ ಜಾಗವಿತ್ತು, ಹೊತ್ತೂ ಇತ್ತು. ಮೊಣಕೈಯೂರಿ ಅರ್ಧ ಎದ್ದವಳು ಹಾಗೇ ಉಳಿದಳು. ಕೋಣೆಯ ತುಂಬ ಸಣ್ಣ ದೊಡ್ಡ ಕುಡುಗೋಲುಗಳು. ಬಿಳಿಯ ಹುಳುಗಳ ಬೆನ್ನಿನ ಮೇಲೆ, ಸೊಪ್ಪಿನ ಮೇಲೆ, ನನ್ನ ಲಂಗದ ಮೇಲೆ, ಎಲ್ಲವೂ ಒಂದೇ ದಿಕ್ಕಿಗೆ ಬಾಗಿ ಒಟ್ಟೊಟ್ಟಿಗೆ ಸಣ್ಣಗಾಗುತ್ತಿದ್ದವು. ಅಷ್ಟು ದೂರದಲ್ಲಿ ನಡೆಯುತ್ತಿದ್ದದ್ದು ನಮ್ಮ ಹತ್ತಿರಕ್ಕೆ, ಇಷ್ಟು ಮೆತ್ತಗೆ ಬಂದು ಮುಟ್ಟುತ್ತಿತ್ತು. ಹೊರಗೆ ಕಾಗೆಗಳು ಸುಮ್ಮನಾಗಿದ್ದವು. ಗಾಳಿ ತಣ್ಣಗಾಗಿತ್ತು. ಹುಳುಗಳು ಮಾತ್ರ ತಮ್ಮ ಮಳೆಯನ್ನು ನಿಲ್ಲಿಸಿರಲಿಲ್ಲ. ಚಿಕ್ಕಮ್ಮ ನಿಧಾನವಾಗಿ ಬೆನ್ನು ಕೆಳಗಿಟ್ಟು ಅಂಗಾತ ಮಲಗಿದಳು. ಬೆಳಕಿನ ಕುಡುಗೋಲು ಅವಳ ಸೀರೆಯ ನೆರಿಗೆ ಹತ್ತಿ ಹೊಟ್ಟೆಯ ಮೇಲೇರಿತು. ಅವಳು ಉಸಿರಾಡಿದಂತೆ ಅದೂ ಏಳುತ್ತಿತ್ತು, ಇಳಿಯುತ್ತಿತ್ತು.

ಆಗಲೇ ಅವ್ವ ಬಾಗಿಲು ತೆರೆದಳು. ಬಸುರಿ ಹೇಗಿದ್ದಾಳೆಂದು ನೋಡಲು ಬಂದಿದ್ದಳು. ಕೋಣೆಯ ತುಂಬ ಕುಡುಗೋಲುಗಳನ್ನೂ, ಸೊಸೆಯ ಹೊಟ್ಟೆಯ ಮೇಲಿದ್ದುದನ್ನೂ ಒಟ್ಟಿಗೆ ಕಂಡಳು. ಓಡಿಬಂದು ಮಂಡಿಯೂರಿ ಚಿಕ್ಕಮ್ಮನ ಮೇಲೆ ಬಾಗಿ ತನ್ನ ಮೈಯಿಂದ ಮುಚ್ಚಿದಳು. ಭಯದಲ್ಲಿ ಅವಳ ಕನ್ನಡ ಬಿಟ್ಟುಹೋಗಿತ್ತು.

“ಚೂಡಕೇ ತಲ್ಲೀ, ಚೂಡಕೇ.”

ನೋಡಬೇಡ ತಾಯಿ, ನೋಡಬೇಡ ಎನ್ನುತ್ತಿದ್ದಳು. ಹೊಟ್ಟೆಯ ಮೇಲಿದ್ದ ಸೂರ್ಯ ಈಗ ಅವ್ವನ ಬೆನ್ನಿನ ಮೇಲಿದ್ದ. ಸೊಸೆಯ ಪಾಲಿನದನ್ನು ತಾನು ಹೊರುತ್ತಿದ್ದೇನೆಂದೇ ಅವಳು ತಿಳಿದಿರಬೇಕು. ಅಲ್ಲಿಂದ ಕದಲಲಿಲ್ಲ. ಅವ್ವ ಯಾವುದಕ್ಕಾದರೂ ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು. ಚಿಕ್ಕಮ್ಮ ಅವಳ ತೋಳು ಹಿಡಿದು ಎಬ್ಬಿಸಿ ಕೂರಿಸಿದಳು.

“ಅತ್ತೆ, ಇಲ್ಲಿ ಕೈ ಹಿಡೀರಿ. ಏನೂ ಆಗಲ್ಲ. ಕೈ ಹಿಡೀರಿ.”

ಅವ್ವನ ಅಂಗೈಯನ್ನು ಅವಳೇ ಬಿಡಿಸಿ ಬೆಳಕಿನ ಕೋಲಿಗೆ ಅಡ್ಡ ಒಡ್ಡಿದಳು. ಕುದುರೆ ಲಾಳದಂಥ ಒಂದು ಸಣ್ಣ ಸೂರ್ಯ ಆ ಒರಟು ಕೈಯಲ್ಲಿ ಬಂದು ಕುಳಿತ. ಅವ್ವ ಕೈ ಎಳೆದುಕೊಳ್ಳಲು ಹೋದವಳು ಎಳೆದುಕೊಳ್ಳಲಿಲ್ಲ. ದೇವರ ತೀರ್ಥ ಹಿಡಿದಂತೆ ಕೈಯನ್ನು ಸ್ವಲ್ಪ ಬಟ್ಟಲು ಮಾಡಿದಳು. ಬಿಸಿಯಿಲ್ಲ ಎಂದಳು ಮೆಲ್ಲಗೆ. ಚಿಕ್ಕಮ್ಮ ಒಂದೊಂದೇ ಮಾತಿನಲ್ಲಿ ಹೇಳುತ್ತ ಹೋದಳು: ಇದು ಸೂರ್ಯ, ಈ ಕಪ್ಪಗಿರುವುದು ಚಂದ್ರನ ಮೈ, ಈಗ ಸರಿದು ಹೋಗುತ್ತಾನೆ ನೋಡಿ. ನಾವು ಮೂವರೂ ಆ ಅಂಗೈಯ ಮೇಲೆ ಬಾಗಿ ನೋಡುತ್ತಿದ್ದೆವು. ಕುಡುಗೋಲು ದಪ್ಪವಾಗತೊಡಗಿತು. ಎಷ್ಟು ಮೆಲ್ಲಗೆಂದರೆ ಆಗುತ್ತಿರುವುದು ಕಾಣುತ್ತಿರಲಿಲ್ಲ, ಆಗಿದ್ದು ಕಾಣುತ್ತಿತ್ತು. ನಡುವೆ ಮೋಡ ಬಂದು ಕೈ ಬರಿದಾದಾಗ ಅವ್ವ ಕೈ ಮಡಿಸದೆ ಹಾಗೇ ಒಡ್ಡಿಕೊಂಡು ಕಾದಳು.

ಗ್ರಹಣ ಬಿಟ್ಟ ಮೇಲೆ ಎಲ್ಲರ ಸ್ನಾನವಾಯಿತು, ಹಳೆಯ ನೀರು ಚೆಲ್ಲಿ ಹೊಸ ನೀರು ತಂದದ್ದಾಯಿತು. ಹುಳುಮನೆಯಲ್ಲಿ ನಡೆದುದನ್ನು ಅವ್ವ ಯಾರಿಗೂ ಹೇಳಲಿಲ್ಲ, ನಮಗೂ ಹೇಳಬೇಡಿರೆನ್ನಲಿಲ್ಲ. ಆದರೆ ಮುಂದಿನ ತಿಂಗಳುಗಳು ಆ ಮನೆಯಲ್ಲಿ ಭಾರವಾಗಿ ನಡೆದವು. ಬೆಳಕು ಕೈಯಲ್ಲಿದ್ದಷ್ಟು ಹೊತ್ತು ಅವ್ವ ಹೆದರಿರಲಿಲ್ಲ. ಆಮೇಲೆ ಹೆದರಿಕೆ ತಿರುಗಿ ಬಂತು. ಕತ್ತಲ ಕೋಣೆ ಎಂದು ಅಲ್ಲಿ ಮಲಗಿಸಿದವಳು ತಾನೇ. ಸೊಸೆಗೆ ತುಪ್ಪ ಬಡಿಸುವಾಗ ಅವಳ ಮುಖ ನೋಡುತ್ತಿರಲಿಲ್ಲ. ಚಿಕ್ಕಮ್ಮನಿಗೆ ತಿಳಿವಳಿಕೆಯಿತ್ತು, ಆದರೆ ತಿಳಿವಳಿಕೆಯೊಂದರಿಂದಲೇ ನಿದ್ದೆ ಬರುವುದಿಲ್ಲ. ಸೊಪ್ಪು ಹಾಕುತ್ತ ಹಾಕುತ್ತ ತನ್ನ ಮೇಲ್ತುಟಿಯನ್ನು ಬೆರಳಲ್ಲಿ ಸವರಿಕೊಳ್ಳುತ್ತಿದ್ದಳು.

ಕಾರ್ತಿಕದಲ್ಲಿ, ಒಂದು ಬೆಳಿಗ್ಗೆ, ಹೆರಿಗೆಯಾಯಿತು. ನಡುಮನೆಗೆ ಸೀರೆ ಅಡ್ಡ ಕಟ್ಟಿದ್ದರು. ನಾನು ಇತ್ತ ಕಡೆ ಹಂಡೆಯ ಬಳಿ ಕುಳಿತಿದ್ದೆ. ಕೂಸಿನ ಅಳು ಕೇಳಿತು. ಸೂಲಗಿತ್ತಿ ಹೆಣ್ಣೆಂದಳು. ಸೀರೆಯ ಅಂಚಿನಿಂದ ನೋಡಿದೆ. ಅವ್ವ ದೀಪ ಹತ್ತಿರ ಹಿಡಿಸಿ ಮಗುವಿನ ಮೇಲ್ತುಟಿಯನ್ನು ಕಿರುಬೆರಳಲ್ಲಿ ಈ ಕಡೆಯಿಂದ ಆ ಕಡೆಗೆ ಸವರಿದಳು. ಬಾಯೊಳಗೆ ಬೆರಳಿಟ್ಟು ಅಂಗುಳ ಮುಟ್ಟಿ ನೋಡಿದಳು. ಮಗು ಆ ಬೆರಳನ್ನು ಚೀಪತೊಡಗಿತು. ಅವ್ವ ಬೆರಳನ್ನು ತೆಗೆಯದೆ ಎಷ್ಟೋ ಹೊತ್ತು ಚೀಪಗೊಟ್ಟಳು. ಆಮೇಲೆ ಮಗುವನ್ನು ತಾಯಿಯ ಮಗ್ಗುಲಿಗೆ ಮಲಗಿಸಿ, ಸೊಸೆಯ ತಲೆಯ ಬಳಿ ಕುಳಿತಳು.

“ಜಯಾ, ಆ ಮಗೂಗೆ ಆದದ್ದು ನಿನ್ನಿಂದ ಅಲ್ಲ ಕಣಮ್ಮ. ನಾನು ಹಾಗನ್ನಬಾರದಿತ್ತು.”

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ ಇದ್ದಳು. ಕಣ್ಣೀರು ಎರಡೂ ಕಡೆ ಕಿವಿಗಿಳಿಯುತ್ತಿತ್ತು.

“ಅವನಿಗೊಂದು ಹೆಸರೂ ಇಡಲಿಲ್ಲ ಅತ್ತೆ.”

ಏನೆಂದು ಇಡಬೇಕೆಂದಿದ್ದೆ ಎಂದು ಅವ್ವ ಕೇಳಿದಳು. ಗೋಪಾಲ ಅಂತ, ಎಂದಳು ಚಿಕ್ಕಮ್ಮ. ಅವ್ವ ಆ ಹೆಸರನ್ನು ತನ್ನ ಬಾಯಲ್ಲಿ ಒಂದು ಸಲ ಮೆಲ್ಲಗೆ ಅಂದು ನೋಡಿದಳು. ನಂತರ ನನ್ನನ್ನು ಒಳಗೆ ಕರೆದು, ಕಾಲು ಚಾಚಿ ಕೂರಿಸಿ, ಬಟ್ಟೆ ಸುತ್ತಿದ ಕೂಸನ್ನು ನನ್ನ ತೊಡೆಯ ಮೇಲಿಟ್ಟಳು.

“ನೋಡ್ಕೋ ನಾಗಿ. ಗೋಪಾಲನ ತಂಗಿ ಇವಳು.”